ಕಳಚಿದರೆ ಕಾರು ಓಡುತ್ತಂತೆ

ಕಾರಿನ ಹುಚ್ಚು ಹಿಡಿದವರಲ್ಲಿ ಎರಡು ಪಂಗಡ. ಒಂದು ಅಂಟಿಸುವವರದು, ಇನ್ನೊಂದು ಕಳಚುವವರದು. ಅಂಟಿಸುವವರಿಂದ ಲೋಕಕ್ಕೆ ಅಂಥ ಅಪಾಯವೇನಿಲ್ಲ. ಡಿಕ್ಕಿಯ ಮೇಲೊಂದು ಸ್ಪಾಯ್ಲರ್, ಹಿಂದಿನ ಗಾಜಿಗೆ ಮನೆದೇವರ ಹೆಸರು, ಮುಂದಿನ ಬಂಪರಿಗೆ ನಿಂಬೆಹಣ್ಣು ಮೆಣಸಿನಕಾಯಿ. ಇಷ್ಟಾದರೆ ಅವರ ಆಸೆ ತೀರಿತು, ಕಾರು ನೆನ್ನೆ ಹೇಗೆ ಓಡುತ್ತಿತ್ತೋ ಇವತ್ತೂ ಹಾಗೇ ಓಡುತ್ತದೆ. ಕಳಚುವವರ ಜಾತಿ ಬೇರೆ. ಅವರಿಗೆ ಕಾರು ಮಾಡಿದವರ ಮೇಲೇ ಗುಮಾನಿ. ಕಂಪನಿಯ ಎಂಜಿನಿಯರುಗಳು ವರ್ಷಗಟ್ಟಲೆ ಕೂತು ಲೆಕ್ಕ ಹಾಕಿ ಜೋಡಿಸಿದ ಸಾಮಾನನ್ನು ಇವರು ಭಾನುವಾರ ಬೆಳಿಗ್ಗೆ ಕಾಫಿ ಕುಡಿದು, ಜಾಕ್ ಹಾಕಿ, ಮಧ್ಯಾಹ್ನದ ಊಟದ ಹೊತ್ತಿಗೆ ಬಿಚ್ಚಿ ಪಕ್ಕಕ್ಕಿಟ್ಟಿರುತ್ತಾರೆ.

ನಮ್ಮಕ್ಕನ ಮಗ ಈ ಎರಡನೇ ಪಂಗಡದ ಕಟ್ಟಾಳು. ಕ್ಯಾಲಿಫೋರ್ನಿಯಾದಲ್ಲಿ ಸಾಫ್ಟ್‌ವೇರ್ ಕೆಲಸ, ವಾರವೆಲ್ಲ ಬೇರೆಯವರು ಬರೆದದ್ದನ್ನು ಅಳಿಸೋದೇ ಅವನ ಉದ್ಯೋಗ. ಆ ಅಭ್ಯಾಸ ವಾರಾಂತ್ಯಕ್ಕೆ ಕಾರಿನ ಮೇಲೆ ತಿರುಗುತ್ತದೆ. ಅವನ ಹತ್ತಿರ ಇರೋದು ಹಳೇ ಮಜ್ದಾ ಮಿಯಾಟಾ. ಮಗ ಮಜ್ದಾ ತಗೊಂಡ ಅಂತ ಕೇಳಿದಾಗ ನಮ್ಮಕ್ಕ ಗಾಬರಿಯಾಗಿದ್ದಳು. ಅವಳಿಗೆ ಗೊತ್ತಿದ್ದದ್ದು ಸ್ವರಾಜ್ ಮಜ್ದಾ ಒಂದೇ. "ಅಷ್ಟು ಓದಿಸಿದ್ದು ಸ್ಕೂಲ್ ವ್ಯಾನ್ ಓಡಿಸೋಕಾ?" ಅಂದಳು. ಅಲ್ಲ ಕಣೇ, ಇದು ಇಬ್ಬರೇ ಕೂರೋ ಕಾರು, ಮೇಲೆ ಛಾವಣಿಯೂ ಬಟ್ಟೆಯದು ಅಂತ ಸಮಾಧಾನ ಹೇಳಿದ್ದಕ್ಕೆ ಇನ್ನೂ ಗಾಬರಿಯಾದಳು.

ಮಿಯಾಟಾ ಸಾಧಾರಣ ಕಾರಲ್ಲ. 1989ರಲ್ಲಿ ಶಿಕಾಗೋದ ಮೋಟಾರು ಪ್ರದರ್ಶನದಲ್ಲಿ ಜಪಾನಿನವರು ಇದನ್ನು ಮೊದಲು ತೋರಿಸಿದಾಗ, ಇಂಗ್ಲಿಷರು ಮಾಡಿ ಕೈಬಿಟ್ಟಿದ್ದ ಪುಟ್ಟ ಸ್ಪೋರ್ಟ್ಸ್ ಕಾರನ್ನು ಇವರು ಎಣ್ಣೆ ಸೋರದ ಹಾಗೆ ಮಾಡಿದ್ದಾರಲ್ಲ ಅಂತ ಜನ ಮುಗಿಬಿದ್ದರು. ಟನ್ನಿನ ಆಸುಪಾಸು ತೂಕ, ಎಂಜಿನ್ ಮುಂದೆ, ಓಡಿಸೋದು ಹಿಂದಿನ ಚಕ್ರ, ಮುಂದಕ್ಕೂ ಹಿಂದಕ್ಕೂ ಭಾರ ಹೆಚ್ಚುಕಡಿಮೆ ಸಮ. ತಿರುವಿನಲ್ಲಿ ಹೇಗೆ ನಡೆದುಕೊಳ್ಳಬೇಕು ಅನ್ನೋದಕ್ಕೆ ಮಾದರಿ ಅಂತ ಊರೆಲ್ಲ ಹೊಗಳುವ ಕಾರು. ಅಂಥದರಲ್ಲಿ ನಮ್ಮ ಅಳಿಯ ಮಹಾಶಯನಿಗೆ ಐಬು ಕಂಡಿದ್ದು ಮುಂದಿನ ಸ್ಟೆಬಿಲೈಸರ್ ರಾಡಿನಲ್ಲಿ. ಅಲ್ಲಿಯವರು ಸ್ವೇ ಬಾರ್ ಅಂತಾರೆ.

ಈ ರಾಡಿನ ಪರಿಚಯ ನಮ್ಮ ಬೆಂಗಳೂರಿನ ಜನಕ್ಕೆ ಆಗೋದು ಕಿವಿಯಿಂದ. ಗುಂಡಿ ಬಿದ್ದ ರಸ್ತೆಯಲ್ಲಿ ನಿಧಾನಕ್ಕೆ ಹೋಗುವಾಗ ಮುಂದಿನ ಚಕ್ರದ ಹತ್ತಿರ ಟಕ್ ಟಕ್ ಟಕ್ ಅಂತ ಶುರುವಾಗುತ್ತದೆ. ಗ್ಯಾರೇಜಿಗೆ ಒಯ್ದರೆ ಹುಡುಗ ಬಗ್ಗಿ ಕೈಹಾಕಿ ಅಲ್ಲಾಡಿಸಿ, "ಲಿಂಕ್ ರಾಡ್ ಹೋಗಿದೆ ಸಾರ್, ಎರಡೂ ಕಡೆ ಹಾಕಿಸಿಬಿಡಿ" ಅನ್ನುತ್ತಾನೆ. ಆ ಲಿಂಕು ಹಿಡಿದಿರೋದೇ ಈ ರಾಡಿನ ತುದಿಯನ್ನು. ಹೆಬ್ಬೆರಳಿನ ದಪ್ಪದ ಸ್ಪ್ರಿಂಗ್ ಉಕ್ಕಿನ ಸರಳು. ಕಾರಿನ ಅಡಿಯಲ್ಲಿ ಅಡ್ಡಡ್ಡ ಮಲಗಿ ಎರಡೂ ತುದಿಯಲ್ಲಿ ಬಾಗಿರುತ್ತದೆ. ಮಧ್ಯದಲ್ಲಿ ಎರಡು ರಬ್ಬರ್ ಬುಷ್ಷುಗಳು ಅದನ್ನು ಚಾಸಿಗೆ ಕಚ್ಚಿಕೊಂಡಿರುತ್ತವೆ. ಹಂಪು ಬಂದು ಎರಡೂ ಚಕ್ರ ಒಟ್ಟಿಗೇ ಎದ್ದರೆ ರಾಡು ಬುಷ್ಷಿನೊಳಗೆ ಸುಮ್ಮನೆ ಹೊರಳುತ್ತದೆ, ತನಗೂ ಇದಕ್ಕೂ ಸಂಬಂಧವಿಲ್ಲ ಅನ್ನುತ್ತದೆ. ಒಂದೇ ಚಕ್ರ ಎದ್ದರೆ, ಅಥವಾ ತಿರುವಿನಲ್ಲಿ ಕಾರು ಒಂದು ಕಡೆಗೆ ವಾಲಿದರೆ, ಆಗ ಅದರ ಮೈ ತಿರುಚಿಕೊಳ್ಳಬೇಕಾಗುತ್ತದೆ. ತಿರುಚಿಕೊಳ್ಳೋಕೆ ಅದು ಒಪ್ಪೋದಿಲ್ಲ. ಆ ಒಪ್ಪದಿರುವಿಕೆಯೇ ಅದರ ಕೆಲಸ.

ದಪ್ಪ ಹೆಚ್ಚಿದಷ್ಟೂ ಹಟ ಹೆಚ್ಚು. ಅದೂ ನೇರ ಲೆಕ್ಕದಲ್ಲಲ್ಲ, ವ್ಯಾಸದ ನಾಲ್ಕನೇ ಘಾತದಲ್ಲಿ. 22 ಮಿಲಿಮೀಟರಿನ ರಾಡಿನ ಜಾಗಕ್ಕೆ 24ರದ್ದು ಹಾಕಿದರೆ ಬಿಗಿ ಶೇ. 40ಕ್ಕೂ ಮಿಕ್ಕಿ ಏರುತ್ತದೆ. ದಪ್ಪ ಎರಡರಷ್ಟಾದರೆ ಬಿಗಿ ಹದಿನಾರರಷ್ಟು. ಇದನ್ನೆಲ್ಲ ನನಗೆ ವೀಡಿಯೋ ಕಾಲಿನಲ್ಲಿ ಪಾಠ ಮಾಡಿದ್ದು ಅವನೇ, ಕೈತುಂಬ ಗ್ರೀಸು ಮೆತ್ತಿಕೊಂಡು. ಇಷ್ಟು ತಿಳಿದವನು ಆಮೇಲೆ ಮಾಡಿದ್ದೇನಪ್ಪ ಅಂದರೆ, ರಾಡಿನ ದಪ್ಪವನ್ನು ಸೊನ್ನೆಗೆ ಇಳಿಸಿದ್ದು.

"ಮಾವ, ತಿರುವಿನಲ್ಲಿ ಮೂತಿ ಒಳಗೆ ಬರ್ತಾ ಇಲ್ಲ. ಸ್ಟಿಯರಿಂಗ್ ತಿರುಗಿಸಿದ್ರೂ ಕಾರು ಹೊರಗಡೆಗೇ ಹೋಗುತ್ತೆ. ಅಂಡರ್‌ಸ್ಟಿಯರ್. ಮುಂದಿನ ರಾಡು ತೆಗೆದ್ರೆ ಸರಿಹೋಗುತ್ತೆ."

"ನೀನು ಸ್ವಲ್ಪ ನಿಧಾನಕ್ಕೆ ಹೋದ್ರೂ ಸರಿಹೋಗುತ್ತಲ್ಲೋ?"

ಈ ಸಲಹೆಗೆ ಆ ಕಡೆಯಿಂದ ಉತ್ತರ ಬರಲಿಲ್ಲ. ಸ್ಪೋರ್ಟ್ಸ್ ಕಾರಿನವರ ಜೊತೆ ಆಡಬಾರದ ಮಾತು ಅದೊಂದೇ.

ನಾವು ನೀವು ತಿಳಿದಿರೋದು ಏನು? ಕಾರು ವಾಲದ ಹಾಗೆ ಈ ರಾಡು ತಡೆಯುತ್ತದೆ, ವಾಲದಿದ್ದರೆ ಹಿಡಿತ ಹೆಚ್ಚು, ತೆಗೆದರೆ ಹಿಡಿತ ಕಡಿಮೆ. ಮೊದಲ ಭಾಗ ನಿಜ, ಉಳಿದದ್ದು ಅಷ್ಟು ಸಲೀಸಲ್ಲ. ವಾಲೋದಕ್ಕೂ ಹಿಡಿತ ಬಿಡೋದಕ್ಕೂ ನೇರ ನಂಟಿಲ್ಲ. ಫ್ರಾನ್ಸಿನ ಸಿಟ್ರೊಯೆನ್ 2ಸಿವಿ ಅಂತ ಒಂದು ಕಾರಿತ್ತು, ಅದಕ್ಕೆ ಇಂಥ ರಾಡೇ ಇರಲಿಲ್ಲ. ತಿರುವಿನಲ್ಲಿ ಬಾಗಿಲಿನ ಹಿಡಿ ರಸ್ತೆಗೆ ತಾಗುತ್ತೇನೋ ಅನ್ನುವಷ್ಟು ವಾಲುತ್ತಿತ್ತು, ನೋಡಿದವರ ಎದೆ ಝಲ್ಲೆನ್ನುತ್ತಿತ್ತು, ಆದರೆ ಚಕ್ರ ರಸ್ತೆ ಬಿಡುತ್ತಿರಲಿಲ್ಲ. ಒಳಗೆ ಕೂತ ಫ್ರೆಂಚ್ ರೈತ ಆರಾಮಾಗಿಯೇ ಮನೆ ಸೇರುತ್ತಿದ್ದ.

ಅಸಲು ವಿಷಯ ಇರೋದು ಭಾರದ ವರ್ಗಾವಣೆಯಲ್ಲಿ. ಸಾವಿರ ಕಿಲೋ ಕಾರು, ಗುರುತ್ವ ಕೇಂದ್ರ ನೆಲದಿಂದ 45 ಸೆಂಟಿಮೀಟರ್ ಮೇಲೆ, ಎಡಬಲ ಚಕ್ರಗಳ ನಡುವೆ 1.4 ಮೀಟರ್ ಅಂತಿಟ್ಟುಕೊಳ್ಳಿ. ಗುರುತ್ವದ ಒಂಬತ್ತಾಣೆ, ಅಲ್ಲಲ್ಲ, 0.9ರಷ್ಟು ಜೋರಾಗಿ ತಿರುವು ತಗೊಂಡರೆ ಸುಮಾರು 290 ಕಿಲೋ ಭಾರ ಒಳಗಡೆಯ ಚಕ್ರಗಳಿಂದ ಹೊರಗಡೆಯ ಚಕ್ರಗಳಿಗೆ ಸಾಗುತ್ತದೆ. ಇದು ರಾಡಿದ್ದರೂ 290, ಇಲ್ಲದಿದ್ದರೂ ಹೆಚ್ಚುಕಡಿಮೆ ಅಷ್ಟೇ. ಎತ್ತರ, ಅಗಲ, ತೂಕ, ತಿರುವಿನ ಜೋರು ಇವಿಷ್ಟೇ ಅದನ್ನು ತೀರ್ಮಾನಿಸೋದು. ರಾಡು ತೀರ್ಮಾನಿಸೋದು ಈ 290ರಲ್ಲಿ ಮುಂದಿನ ಜೋಡಿಯ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಅನ್ನೋದನ್ನ. ಅಪ್ಪ ಮಾಡಿಟ್ಟ ಸಾಲವನ್ನು ಅಣ್ಣತಮ್ಮಂದಿರು ಹಂಚಿಕೊಂಡ ಹಾಗೆ. ಅಣ್ಣ ಗಟ್ಟಿಗ, ಹೆಚ್ಚು ಪಾಲು ಹೊರುತ್ತಿದ್ದ. ಅವನ ಬೆನ್ನುಮೂಳೆ ತೆಗೆದುಬಿಟ್ಟರೆ ಸಾಲವೇನು ಮನ್ನಾ ಆಗೋದಿಲ್ಲ, ತಮ್ಮನ ಬಾಗಿಲಿಗೆ ಬರುತ್ತದೆ.

ರಾಡಿದ್ದಾಗ ಮುಂದಿನ ಜೋಡಿ ಶೇ. 60 ಹೊರುತ್ತಿತ್ತು ಅನ್ನಿ. ಆಗ ಮುಂದಿನ ಹೊರಚಕ್ರದ ಮೇಲೆ 424 ಕಿಲೋ, ಒಳಚಕ್ರದ ಮೇಲೆ ಬರೀ 76. ಹಿಂದೆ 366 ಮತ್ತು 134. ರಾಡು ತೆಗೆದ ಮೇಲೆ ಮುಂದಿನವರ ಪಾಲು ಶೇ. 45ಕ್ಕೆ ಇಳಿಯಿತು ಅನ್ನಿ. ಮುಂದೆ 380 ಮತ್ತು 120, ಹಿಂದೆ 410 ಮತ್ತು 90. ಮುಂದಿನ ಜೋಡಿಯ ನಡುವೆ ಅಂತರ ಕಡಿಮೆಯಾಯಿತು, ಹಿಂದಿನ ಜೋಡಿಯ ನಡುವೆ ಹೆಚ್ಚಿತು.

ಅದರಿಂದೇನು ಅಂತ ಕೇಳಬೇಕು ನೀವು. ನಾನೂ ಕೇಳಿದೆ. ಟೈರಿಗೊಂದು ಸೋಮಾರಿತನ ಇದೆ. ಮೇಲೆ ಬೀಳೋ ಭಾರ ಎರಡರಷ್ಟಾದರೆ ಅದರ ಹಿಡಿತ ಹೆಚ್ಚುತ್ತದೆ ನಿಜ, ಆದರೆ ಎರಡರಷ್ಟು ಹೆಚ್ಚೋದಿಲ್ಲ. ಹಾಗಾಗಿ ಒಬ್ಬನ ಮೇಲೆ 424, ಇನ್ನೊಬ್ಬನ ಮೇಲೆ 76 ಹೇರಿದ ಜೋಡಿಗಿಂತ, 380 ಮತ್ತು 120 ಹೊತ್ತ ಜೋಡಿ ಒಟ್ಟಾರೆ ರಸ್ತೆಯನ್ನು ಗಟ್ಟಿಯಾಗಿ ಹಿಡಿಯುತ್ತದೆ. ರಾಡು ಕಳಚಿದಾಗ ಮೂತಿ ಒಳಗೆ ತಿರುಗೋದು ಇದಕ್ಕೇ. ಹುಡುಗನ ಮಾತು ಇಲ್ಲಿಯವರೆಗೆ ಸರಿ. ಆದರೆ ಮುಂದೆ ಗಳಿಸಿದ ಹಿಡಿತವನ್ನು ಹಿಂದಿನವರ ಜೇಬಿನಿಂದ ಎತ್ತಿದ್ದು ಅನ್ನೋದನ್ನ ಅವನು ಲೆಕ್ಕಕ್ಕೆ ಹಿಡಿಯಲಿಲ್ಲ. ಹಿಡಿದಿದ್ದರೂ ಬಿಚ್ಚೋದನ್ನ ಬಿಡುತ್ತಿರಲಿಲ್ಲ, ಆ ಮಾತು ಬೇರೆ.

ಬಿಚ್ಚೋದರಲ್ಲೂ ಒಂದು ರೀತಿಯಿದೆ. ಪರೀಕ್ಷೆಗೇ ಆದರೆ ಒಂದು ಕಡೆಯ ಲಿಂಕು ತೆಗೆದರೆ ಸಾಕು. ಒಂದು ತುದಿ ಸಡಿಲವಾದ ಮೇಲೆ ರಾಡು ಯಾರನ್ನು ಹಿಡಿದು ತಿರುಚಿಕೊಂಡೀತು? ಇದ್ದೂ ಇಲ್ಲದ ಹಾಗೆ. ತುದಿ ಎಲ್ಲಿಗೂ ಬಡಿಯದ ಹಾಗೆ ಕಟ್ಟಿ ಒಂದು ಸುತ್ತು ಹಾಕಿ, ಬೇಡವಾದರೆ ನಟ್ಟು ಮತ್ತೆ ಬಿಗಿ ಮಾಡಬಹುದು. ನಮ್ಮವನಿಗೆ ಅದು ರುಚಿಸಲಿಲ್ಲ. ಎರಡೂ ಲಿಂಕು, ಎರಡೂ ಬುಷ್ಷಿನ ಕ್ಲಾಂಪು ಬಿಚ್ಚಿ ಇಡೀ ರಾಡನ್ನು ಹೊರಗೆಳೆದು ಗ್ಯಾರೇಜಿನ ಗೋಡೆಗೆ ನೇತುಹಾಕಿದ, ಹುಲಿ ಹೊಡೆದವನು ಚರ್ಮ ತೂಗುಹಾಕುವ ಠೀವಿಯಲ್ಲಿ. "ತೂಕವೂ ಉಳೀತು ಮಾವ" ಅಂದ. ಉಳಿದದ್ದು ಕೆಲವೇ ಕಿಲೋ. ಅವನ ಹೊಟ್ಟೆ ಕಡೆ ನೋಡಿದೆ. ಅಕ್ಕ ಹೋದ ಸಲ ಕಳಿಸಿದ ಕೋಡುಬಳೆ, ಚಕ್ಕುಲಿ ಎಲ್ಲ ಸೇರಿ ಆ ಉಳಿತಾಯವನ್ನು ಆಗಲೇ ತಿಂದುಹಾಕಿದ್ದವು.

ಮೊದಲ ವಾರ ಸಂಭ್ರಮವೋ ಸಂಭ್ರಮ. ಅವನ ಹೆಂಡತಿಯೂ ಪರವಾಗಿಲ್ಲ ಅಂದಳು: "ಮಾವ, ಮೊದಲು ಒಂದು ಚಕ್ರ ಗುಂಡಿಗೆ ಬಿದ್ರೆ ತಲೆ ಈ ಕಡೆಯಿಂದ ಆ ಕಡೆಗೆ ಎಸೆದ ಹಾಗಾಗ್ತಿತ್ತು, ಈಗ ಎಷ್ಟೋ ಮೇಲು." ಅದೂ ನಿಜವೇ. ಒಂದು ಚಕ್ರಕ್ಕೆ ಬಿದ್ದ ಏಟನ್ನು ರಾಡು ಇನ್ನೊಂದು ಚಕ್ರಕ್ಕೂ ದಾಟಿಸುತ್ತಿತ್ತು, ಈಗ ಆ ಚಾಡಿಕೋರ ಇಲ್ಲ. ಕಲ್ಲುಬಂಡೆ ಹತ್ತುವ ಜೀಪ್ ರ‍್ಯಾಂಗ್ಲರ್ ರೂಬಿಕಾನಿನಲ್ಲಿ 2007ರಿಂದ ಇದಕ್ಕೇ ಒಂದು ಗುಂಡಿ ಕೊಟ್ಟಿದ್ದಾರೆ, ಒತ್ತಿದರೆ ಮುಂದಿನ ರಾಡು ಎರಡು ಹೋಳಾಗಿ ಚಕ್ರಗಳು ತಮ್ಮ ಪಾಡಿಗೆ ತಾವು ಏರಿಳಿಯುತ್ತವೆ. ಆದರೆ ಅದು ನಿಧಾನಗತಿಯಲ್ಲಿ ಮಾತ್ರ, ವೇಗ ಏರಿದರೆ ತಾನೇ ಮತ್ತೆ ಕೂಡಿಕೊಳ್ಳುತ್ತದೆ. ಜೀಪಿನವರಿಗೆ ತಮ್ಮ ಗಿರಾಕಿಗಳು ಎಂಥವರು ಅಂತ ಚೆನ್ನಾಗಿ ಗೊತ್ತು.

ಆಮೇಲೆ ಬಂತು ಆಟೋಕ್ರಾಸ್. ದೊಡ್ಡ ಪಾರ್ಕಿಂಗ್ ಜಾಗದಲ್ಲಿ ಕಿತ್ತಳೆ ಬಣ್ಣದ ಕೋನುಗಳನ್ನಿಟ್ಟು, ಅವುಗಳ ನಡುವೆ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ಆಟ. ಒಂದು ಕೋನು ಬಿದ್ದರೆ ಎರಡು ಸೆಕೆಂಡು ದಂಡ. ವೀಡಿಯೋ ಕಳಿಸಿದ್ದ, ನೋಡಿದೆ. ಸಾಲಾಗಿಟ್ಟ ಕೋನುಗಳ ನಡುವೆ ಎಡಕ್ಕೆ ಬಲಕ್ಕೆ ಎಡಕ್ಕೆ ಹೋಗಬೇಕು. ಇವನು ಸ್ಟಿಯರಿಂಗನ್ನು ಎಡಕ್ಕೆ ತಿರುಗಿಸಿದ, ಕಾರು ಮೊದಲು ಬಲಕ್ಕೆ ವಾಲಿ ಕೂತು ಆಮೇಲೆ ತಿರುಗಿತು. ಅಷ್ಟರಲ್ಲಿ ಮುಂದಿನ ಕೋನು ಬಂತು, ಬಲಕ್ಕೆ ತಿರುಗಿಸಿದ, ಕಾರಿನ ಮೈ ಇನ್ನೂ ಹಳೇ ತಿರುವಿನಲ್ಲೇ ಇತ್ತು. ಡ್ರೈವರ್ ಒಂದು ಕೋನಿನಲ್ಲಿ, ಕಾರು ಹಿಂದಿನ ಕೋನಿನಲ್ಲಿ. ಅಂತೂ ಮೈ ಎದ್ದು ಇನ್ನೊಂದು ಪಕ್ಕಕ್ಕೆ ಹೊರಳಿತು, ಹೊರಳಿದ ರಭಸಕ್ಕೆ ಬಾಲ ಸರಿಯತೊಡಗಿತು. ಇವನು ಬೆಚ್ಚಿ ಆಕ್ಸಿಲರೇಟರಿನಿಂದ ಕಾಲು ತೆಗೆದ.

ತೆಗೆಯಬಾರದಿತ್ತು. ಕಾಲು ತೆಗೆದ ಕ್ಷಣ ಭಾರ ಮುಂದಕ್ಕೆ ಬರುತ್ತದೆ, ಮೊದಲೇ ಹಿಡಿತ ಕಳಕೊಂಡಿದ್ದ ಹಿಂಭಾಗ ಇನ್ನೂ ಹಗುರಾಗುತ್ತದೆ. ಕಾರು ಬುಗುರಿಯಾಗಿ ಬಂದ ದಾರಿಯ ಕಡೆಗೇ ಮುಖ ಮಾಡಿ ನಿಂತಿತು. ಸುತ್ತಮುತ್ತ ಕೋನುಗಳ ಮಾರಣಹೋಮ. ಕಂಪನಿಗಳು ಬೀದಿ ಕಾರುಗಳಿಗೆ ಮುಂದುಗಡೆ ದಪ್ಪ ರಾಡು ಹಾಕೋದು ಈ ಗಳಿಗೆಯನ್ನು ನೆನೆದೇ. ಹೆದರಿದ ಮನುಷ್ಯ ಮೊದಲು ಮಾಡುವ ಕೆಲಸ ಕಾಲು ತೆಗೆಯೋದು. ಮೂತಿ ಹೊರಗೆ ಹೋಗುವ ಕಾರಾದರೆ ಕಾಲು ತೆಗೆದಾಗ ನಿಧಾನವಾಗಿ ಸರಿದಾರಿಗೆ ಬರುತ್ತದೆ, ಬಾಲ ಹೊರಗೆ ಬರುವ ಕಾರಾದರೆ ಗಿರಕಿ ಹೊಡೆಯುತ್ತದೆ. ಅವನು ಯಾವುದನ್ನು ಐಬು ಅಂದಿದ್ದನೋ ಅದು ಅವನಂಥವರಿಗಾಗಿಯೇ ಇಟ್ಟಿದ್ದ ಕರುಣೆ.

ಇನ್ನೊಂದು ಕಾಟ ಉಳಿದಿತ್ತು. ಹಿಂದಿನ ಒಳಚಕ್ರದ ಮೇಲೆ 134 ಕಿಲೋ ಇದ್ದದ್ದು 90ಕ್ಕೆ ಇಳಿದಿತ್ತಲ್ಲ, ತಿರುವು ಮುಗಿಸಿ ಆಕ್ಸಿಲರೇಟರ್ ಒತ್ತಿದರೆ ಆ ಚಕ್ರ ನಿಂತಲ್ಲೇ ಗರಗರ ತಿರುಗುತ್ತಿತ್ತು. ಸಾದಾ ಡಿಫರೆನ್ಷಿಯಲ್ಲಿನ ನ್ಯಾಯ ಹಾಗೆ, ದುರ್ಬಲ ಚಕ್ರ ಎಷ್ಟು ತಡಕೊಳ್ಳುತ್ತದೋ ಗಟ್ಟಿ ಚಕ್ರಕ್ಕೂ ಅಷ್ಟೇ ಬಲ. ಹೊಗೆ ಬಂತು, ಸದ್ದು ಬಂತು, ಕಾರು ಮಾತ್ರ ಮುಂದೆ ಬರಲಿಲ್ಲ. ಹಿಂದಿನ ಚಕ್ರ ಓಡಿಸುವ ಕಾರಿನವರು ಆಟೋಕ್ರಾಸಿಗೆ ಅಂತ ಮುಂದಿನ ರಾಡನ್ನು ದಪ್ಪ ಮಾಡಿಸಿಕೊಳ್ಳೋದು ಇದಕ್ಕೇ.

ಮುಂದಿನ ರಾಡಿಲ್ಲದ ಕಾರಿನ ಪುರಾಣ ಅಮೆರಿಕದವರಿಗೆ ಹೊಸದೇನಲ್ಲ. 1960ರ ಮಾಡೆಲ್ಲಾಗಿ ಬಂದ ಷೆವರ್ಲೆ ಕೋರ್ವೇರಿನಲ್ಲಿ ಎಂಜಿನ್ ಹಿಂದೆ, ಭಾರವೆಲ್ಲ ಹಿಂದೆ, ಹಿಂದಿನ ಚಕ್ರಗಳಿಗೆ ಸ್ವಿಂಗ್ ಆಕ್ಸಲ್. ಎಂದರೆ ಮೈ ಮೇಲೆದ್ದರೆ ಚಕ್ರ ಒಳಕ್ಕೆ ಮಡಚಿಕೊಳ್ಳುವ ಏರ್ಪಾಡು. ಅಂಥ ಕಾರಿಗೆ ಎಲ್ಲಕ್ಕಿಂತ ಬೇಕಾದದ್ದು ಮುಂದಿನ ರಾಡು. ಅದನ್ನೇ ಬಿಟ್ಟುಬಿಟ್ಟರು. ಅದರ ಬದಲು ಮುಂದಿನ ಟೈರಿಗೆ 15, ಹಿಂದಿನದಕ್ಕೆ 26 ಪೌಂಡು ಗಾಳಿ ಹಾಕಿ ಅಂತ ಪುಸ್ತಕದಲ್ಲಿ ಬರೆದರು, ಮುಂದಿನ ಟೈರು ಮೆತ್ತಗಿದ್ದರೆ ಮೂತಿ ಅಷ್ಟು ಚುರುಕಾಗಿ ತಿರುಗೋದಿಲ್ಲ ಅಂತ. ಪುಸ್ತಕ ಯಾರು ಓದುತ್ತಾರೆ? ಪೆಟ್ರೋಲ್ ಬಂಕಿನ ಹುಡುಗ ನಾಲ್ಕಕ್ಕೂ ಒಂದೇ ಗಾಳಿ ಹೊಡೆದ. ಅಮೆರಿಕದಲ್ಲಾಗಲಿ ಅರಸೀಕೆರೆಯಲ್ಲಾಗಲಿ ಗಾಳಿ ಹೊಡೆಯೋದು ಹಾಗೇ. 1964ಕ್ಕೆ ಕಂಪನಿ ಮುಂದಿನ ರಾಡನ್ನು ಎಲ್ಲ ಕೋರ್ವೇರಿಗೂ ಹಾಕಿತು, ಹಿಂದೆಯೂ ಒಂದು ಅಡ್ಡ ಪಟ್ಟೆ ಸ್ಪ್ರಿಂಗು ಸೇರಿಸಿತು. ಅಷ್ಟರಲ್ಲಿ ಕೋರ್ಟಿನಲ್ಲಿ ಕೇಸುಗಳು ಬಿದ್ದಾಗಿತ್ತು. 1965ರಲ್ಲಿ ರಾಲ್ಫ್ ನೇಡರ್ ಅನ್ನುವ ಯುವ ವಕೀಲ ಬರೆದ 'ಅನ್‌ಸೇಫ್ ಎಟ್ ಎನಿ ಸ್ಪೀಡ್' ಪುಸ್ತಕದ ಮೊದಲ ಅಧ್ಯಾಯವೇ ಕೋರ್ವೇರಿನ ಮೇಲೆ. ಕಂಪನಿಯವರು ಆತನ ಹಿಂದೆ ಪತ್ತೇದಾರರನ್ನು ಬಿಟ್ಟರು, ಸಿಕ್ಕಿಬಿದ್ದರು, 1966ರಲ್ಲಿ ಜನರಲ್ ಮೋಟಾರ್ಸಿನ ಅಧ್ಯಕ್ಷ ಜೇಮ್ಸ್ ರೋಶ್ ಸೆನೆಟ್ಟಿನ ಮುಂದೆ ಕ್ಷಮೆ ಕೇಳಬೇಕಾಯಿತು. ತಮಾಷೆಯೆಂದರೆ 1972ರಲ್ಲಿ ಸರ್ಕಾರದ ವರದಿ, ಆ ಕಾಲದ ಬೇರೆ ಕಾರುಗಳಿಗೆ ಹೋಲಿಸಿದರೆ ಕೋರ್ವೇರ್ ಅಷ್ಟೇನೂ ಕೆಟ್ಟದ್ದಲ್ಲ ಅಂತ ಹೇಳಿತು. ಅಷ್ಟೊತ್ತಿಗೆ ಕಾರು ತಯಾರಾಗೋದು ನಿಂತು ಮೂರು ವರ್ಷವಾಗಿತ್ತು.

ಈ ಕಥೆಯನ್ನು ಅಳಿಯನಿಗೆ ಹೇಳಿ ಹೆದರಿಸೋಣ ಅಂತಿದ್ದೆ. ಅವನು ತಿರುಗಿಸಿ ಹೊಡೆದ: "ಮಾವ, ಸಿವಿಕ್ ಇಟ್ಕೊಂಡಿರೋರು ಎಷ್ಟೋ ಜನ ಮುಂದಿನ ರಾಡು ತೆಗೆದೇ ಗೆಲ್ತಾರೆ." ಹಾಳಾದವನು, ಅದೂ ನಿಜ. ಮುಂದಿನ ಚಕ್ರವೇ ಓಡಿಸುವ ಕಾರಿನಲ್ಲಿ ಮೂತಿ ಮೊದಲೇ ಭಾರ, ತಿರುಗಿಸೋದೂ ಅವೇ ಚಕ್ರ, ಎಳೆಯೋದೂ ಅವೇ ಚಕ್ರ. ಅಲ್ಲಿ ಮುಂದಿನ ರಾಡು ತೆಗೆದರೆ ಒಳಚಕ್ರ ನೆಲಕ್ಕೆ ಒತ್ತಿಕೊಂಡು ಚೆನ್ನಾಗಿ ಎಳೆಯುತ್ತದೆ, ಹಿಂದಿನ ಒಳಚಕ್ರ ಗಾಳಿಯಲ್ಲಿ ತೇಲಿದರೂ ಅದಕ್ಕೆ ಮಾಡೋಕೆ ಬೇರೆ ಕೆಲಸವಿಲ್ಲ.

ಹಾಗಂತ ಅಲ್ಲೂ ಕಣ್ಣು ಮುಚ್ಚಿ ತೆಗೆಯುವಂತಿಲ್ಲ. ಮ್ಯಾಕ್‌ಫರ್ಸನ್ ಸ್ಟ್ರಟ್ ಇರುವ ಕಾರಿನಲ್ಲಿ ಮೈ ವಾಲಿದಾಗ ಹೊರಚಕ್ರವೂ ಜೊತೆಗೇ ವಾಲಿ, ಟೈರು ತನ್ನ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಅಂಗಾಲೆಲ್ಲ ಬಿಟ್ಟು ಬರೀ ಅಂಚು. ಅಂಥ ಕಾರಿನಲ್ಲಿ ರಾಡು ಕಳಚಿ ಗಳಿಸಿದ್ದನ್ನು ಈ ವಾಲಾಟವೇ ಕಸಿದುಕೊಳ್ಳಬಹುದು. ಮೂತಿ ಹೊರಗೆ ಹೋಗುತ್ತದೆ ಅಂತ ಗೊಣಗುವ ಸ್ಟ್ರಟ್ ಕಾರಿಗೆ ದಪ್ಪ ಮುಂದಿನ ರಾಡು ಹಾಕಿದಾಗಲೇ ಮೂತಿ ಒಳಗೆ ಬಂದದ್ದೂ ಉಂಟು. ನನ್ನ ಕೇಳಿದರೆ ಈ ಶಾಸ್ತ್ರದಲ್ಲಿ ಸೊಗಸಾದ ಜಾಗ ಇದೇ, ಸಾಲದ ಹಂಚಿಕೆಯ ಲೆಕ್ಕವನ್ನು ಟೈರಿನ ಅಂಚು ತಲೆಕೆಳಗು ಮಾಡೋದು. ಮಿಯಾಟಾದಲ್ಲಿ ನಾಲ್ಕೂ ಕಡೆ ಡಬಲ್ ವಿಷ್‌ಬೋನ್ ಇರೋದರಿಂದ ಟೈರು ಅಷ್ಟು ಅಡ್ಡಾಗೋದಿಲ್ಲ, ನಮ್ಮವನ ಟೈರಿನ ದುಡ್ಡು ಸ್ವಲ್ಪ ಉಳಿಯಿತು.

ಕೆಲವು ಕಾರುಗಳಲ್ಲಂತೂ ಆ ಯೋಚನೆಯೇ ಬೇಡ. ಹಳೇ ಫೋರ್ಡ್ ಎಸ್ಕಾರ್ಟಿನ ಕೆಲವು ಮಾದರಿಗಳಲ್ಲಿ ಮುಂದಿನ ರಾಡು ವಾಲೋದನ್ನು ತಡೆಯೋದಷ್ಟೇ ಅಲ್ಲ, ಚಕ್ರ ಹಿಂದೆಮುಂದೆ ಸರಿಯದ ಹಾಗೆ ಹಿಡಿದಿಡುವುದೂ ಅದೇ. ಅಲ್ಲಿ ಕಳಚಿದರೆ ಬ್ರೇಕು ಹಾಕಿದಾಗ ಕಾರು ನಿಲ್ಲುತ್ತದೋ ಚಕ್ರ ನಿಲ್ಲುತ್ತದೋ ದೇವರೇ ಬಲ್ಲ. ಇನ್ನು ನಮ್ಮೂರಿನ ಹುಡುಗರು ಯಾರಾದರೂ ಇದನ್ನು ಓದಿ ಸ್ಪ್ಯಾನರ್ ಹುಡುಕುತ್ತಿದ್ದರೆ, ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನೂ ಒಂದು ಸಲ ಓದಲಿ. ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ವಾಹನ ಮಾರ್ಪಡಿಸಬಾರದು ಅಂತ 2019ರಲ್ಲಿ ಸುಪ್ರೀಂ ಕೋರ್ಟೂ ಹೇಳಿದೆ.

ಗಿರಕಿ ಹೊಡೆದ ಮೇಲೆ ಕೆಲವು ದಿನ ಫೋನಿಲ್ಲ. ಆಮೇಲೆ ಒಂದು ದಿನ ಅದೇ ಹುರುಪಿನಲ್ಲಿ ಮಾತು ಶುರುವಾಯಿತು. ಹೊಸದಾಗಿ ದಪ್ಪನೆಯ ಮುಂದಿನ ರಾಡು ತರಿಸಿದ್ದಾನೆ, ಟೊಳ್ಳು ಕೊಳವೆಯದು, ತುದಿಗೆ ಮೂರು ಮೂರು ತೂತು. ಲಿಂಕನ್ನು ಒಳಗಿನ ತೂತಿಗೆ ಸಿಕ್ಕಿಸಿದರೆ ಸನ್ನೆಕೋಲು ಗಿಡ್ಡವಾಗಿ ರಾಡು ಬಿಗಿ, ಹೊರಗಿನ ತೂತಿಗೆ ಸಿಕ್ಕಿಸಿದರೆ ಸಡಿಲ.

"ನೀನು ಯಾವುದಕ್ಕೆ ಹಾಕಿದೀಯೋ?"

"ಎಲ್ಲಕ್ಕಿಂತ ಬಿಗಿಯಾದ್ದಕ್ಕೆ ಮಾವ. ಆದ್ರೆ ಈಗ ಮತ್ತೆ ಮೂತಿ ಹೊರಗೆ ಹೋಗ್ತಿದೆ."

"ಹೊರಗಿನ ತೂತಿಗೆ ಹಾಕಪ್ಪ."

"ಅದು ಹೇಗೂ ಇದ್ದೇ ಇದೆ. ಹಿಂದಿನ ರಾಡು ದಪ್ಪ ಮಾಡ್ಬೇಕಿತ್ತು, ಇಲ್ಲಾಂದ್ರೆ ಎರಡನ್ನೂ ಕಳಚಿ ಸ್ಪ್ರಿಂಗಿನಲ್ಲೇ ನೋಡ್ಕೋಬೇಕಿತ್ತು. ಈ ಕ್ಲಬ್ಬಿನವರ ರೂಲ್ಸ್ ಬಿಡಲ್ಲ. ಸ್ಟ್ರೀಟ್ ಕ್ಲಾಸಿನಲ್ಲಿ ಮುಂದಿನದೋ ಹಿಂದಿನದೋ ಒಂದೇ ಒಂದು ರಾಡನ್ನ ಮುಟ್ಟಬಹುದು ಅಷ್ಟೇ."

ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕದಲ್ಲಿ ಆ ನಿಯಮ ಬರೆದ ಪುಣ್ಯಾತ್ಮ ಯಾರೋ ನನಗೆ ಪರಿಚಯವಿಲ್ಲ. ಅವರಿಗೂ ಒಬ್ಬ ಅಕ್ಕನ ಮಗ ಇದ್ದಿರಬೇಕು.